ಹದಿನೇಳು ಪ್ರಶ್ನೆ, ಹದಿನೇಳು ‘ಇಲ್ಲ’

ಅಕ್ಕನ ವಿಮೆ ಫಾರಂ ತುಂಬಿದವನು ನಾನು. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ, ನನ್ನ ಲ್ಯಾಪ್‌ಟಾಪಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ತುಂಬಿದೆ. ಹದಿನೇಳು ಪ್ರಶ್ನೆಗಳಿದ್ದವು. ಹದಿನೇಳಕ್ಕೂ ‘ಇಲ್ಲ’ ಎಂದು ಗುರುತು ಹಾಕಿದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ನರ್ಸ್. ತುಮಕೂರಿನಲ್ಲಿ ಓದಿ, ಮದುವೆಯಾಗಿ ಅಮೃತೂರಿಗೆ ಹೋದಮೇಲೆ ಕುಣಿಗಲ್‌ನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹದಿನಾರು ವರ್ಷ ದುಡಿದಳು. ಭಾವ ಖಾಸಗಿ ಬಸ್ಸಿನ ಡ್ರೈವರ್. ಒಬ್ಬಳೇ ಮಗಳು. ನಲವತ್ಮೂರನೇ ವಯಸ್ಸಿನಲ್ಲಿ ಅಕ್ಕನಿಗೆ ಗಲ್ಫ್‌ನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಅವಳಿಗಿಂತ ಚಿಕ್ಕವರೆಲ್ಲ ಹೋಗಿ ಮನೆ ಕಟ್ಟಿಸಿಕೊಂಡು ವಾಪಸು ಬಂದಿದ್ದ ಹೊತ್ತಿಗೆ ಇವಳು ಹೊರಟಳು. ನಮಗೆಲ್ಲ ಅದೇ ಒಂದು ಹೆಮ್ಮೆ.

ಆ ದೇಶದ ನಿಯಮ ಸರಳ. ಹೊರಗಿನಿಂದ ಬಂದು ಅಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ವಿಮೆ ಇರಲೇಬೇಕು. ಕೆಲಸ ಕೊಟ್ಟವರೇ ಮಾಡಿಸುತ್ತಾರೆ. ವಿಮೆಯ ಕಾರ್ಡ್ ಇಲ್ಲದೆ ಅಲ್ಲಿ ವಾಸಿಸುವ ಪರ್ಮಿಟ್ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪರ್ಮಿಟ್ ಹೊಸದು ಮಾಡಿಸುವಾಗಲೂ ಕಾರ್ಡ್ ಚಾಲ್ತಿಯಲ್ಲಿರಬೇಕು. ಕಾರ್ಡ್ ಮಾಡಿಸುವ ಮೊದಲು, ತನಗೆ ಹಿಂದೆ ಯಾವ ಯಾವ ಕಾಯಿಲೆ ಬಂದಿತ್ತು ಅಂತ ಕೆಲಸಕ್ಕೆ ಹೋಗುವವರು ಬರೆದುಕೊಡಬೇಕು. ಆ ಪಟ್ಟಿಯೇ ಹದಿನೇಳು ಪ್ರಶ್ನೆ.

ನಾನು ಹದಿನೆಂಟು ವರ್ಷದಿಂದ ತುಮಕೂರಿನ ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಬೇರೆಯವರು ತಂದ ಸುದ್ದಿ ತಿದ್ದುವುದು, ಹೆಸರು, ಊರು, ವಯಸ್ಸು ಸರಿಯೇ ಎಂದು ಫೋನ್ ಮಾಡಿ ಕೇಳುವುದು ನನ್ನ ಕೆಲಸ. ಅದೇ ಅಭ್ಯಾಸದಲ್ಲಿ ಅಂದು ಪ್ರತಿ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಎರಡೆರಡು ಸಲ ಕೇಳಿದೆ. ಅಕ್ಕ ಎದುರಿಗೆ ಕೂತಿದ್ದಳು. ಅಮ್ಮ ಕೆಳಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

“ಹಾರ್ಟು?”

“ಇದೆ ಕಣೋ, ಒಂದು. ಚಿಕ್ಕದು.”

“ಸರಿಯಾಗಿ ಹೇಳು. ಶುಗರ್?”

“ನಿಂಗಿದೆ ಅಂತ ನಂಗೂ ಅಂಟಿಸ್ತೀಯೇನೋ? ಇಲ್ಲ ಅಂತ ಹಾಕು.”

ಒಂಬತ್ತನೆಯದು ಮೂರ್ಛೆ, ಫಿಟ್ಸ್, ಪ್ರಜ್ಞೆ ತಪ್ಪುವುದು. ಓದಿದೆ. ಅಕ್ಕ ಮೊಬೈಲ್ ನೋಡುತ್ತಿದ್ದಳು. ಉತ್ತರ ಕೆಳಗಿನಿಂದ ಬಂತು. “ಅದೆಲ್ಲ ನಮ್ ವಂಶದಲ್ಲೇ ಇಲ್ಲ,” ಅಂದಳು ಅಮ್ಮ. ಆಗ ನನ್ನ ಹೆಂಡತಿ ಟೀ ತಂದಿಟ್ಟು ಒಳಗೆ ಹೋದಳು. ನಾನು ಮತ್ತೆ ಕೇಳಿದೆ. ಅಕ್ಕ ತಲೆಯೆತ್ತದೆ “ಇಲ್ಲ ಕಣೋ” ಅಂದಳು. ಫಾರಂನ ಕೊನೆಯಲ್ಲಿ, ತುಂಬಲು ಯಾರಾದರೂ ನೆರವಾಗಿದ್ದರೆ ಅವರ ಹೆಸರು ಮತ್ತು ಸಂಬಂಧ ಬರೆಯಲು ಒಂದು ಜಾಗ ಇತ್ತು. ನನ್ನ ಹೆಸರು ಬರೆದು, ‘ತಮ್ಮ’ ಎಂದು ಸೇರಿಸಿದೆ. ಖಾಲಿ ಬಿಡಬಹುದಿತ್ತು. ಖಾಲಿ ಬಿಡುವುದು ನನ್ನ ರೂಢಿಯಲ್ಲ.

ಅಕ್ಕ ಹೋಗಿ ಎರಡು ವರ್ಷ ಆಗುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ, ಅವಳ ಜೊತೆ ರೂಮಿನಲ್ಲಿರುವ ಕೇರಳದ ನರ್ಸ್ ಫೋನ್ ಮಾಡಿದಳು. ಅಕ್ಕ ಕ್ಲಿನಿಕ್ಕಿನ ಔಷಧಿ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ, ತೋಳಿನ ಮೂಳೆ ಮುರಿದಿದೆ, ದೊಡ್ಡ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿದ್ದಾರೆ, ಈಗ ಆರಾಮಿದ್ದಾಳೆ ಎಂದು ಹಿಂದಿಯಲ್ಲಿ ಹೇಳಿದಳು. ಮೂರು ದಿನ ಬಿಟ್ಟು ಆಸ್ಪತ್ರೆಯ ರಿಪೋರ್ಟ್ ನನ್ನ ವಾಟ್ಸಾಪಿಗೆ ಬಂತು. ಆಗ ನಾನು ಕೊಬ್ಬರಿ ಧಾರಣೆಯ ಸುದ್ದಿ ನೋಡುತ್ತಿದ್ದೆ. ರಿಪೋರ್ಟಿನ ಎರಡನೇ ಪ್ಯಾರಾದಲ್ಲಿ, ರೋಗಿಗೆ ಹದಿನಾಲ್ಕನೇ ವಯಸ್ಸಿನಿಂದ ಫಿಟ್ಸ್ ಇತ್ತು ಎಂದು ಬರೆದಿತ್ತು.

ಬೇರೆ ಯಾರದೋ ವಿವರ ಅಕ್ಕನ ರಿಪೋರ್ಟಿಗೆ ಸೇರಿಕೊಂಡಿದೆ ಅಂದುಕೊಂಡೆ. ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಾದರೂ ಹಾಗಾಗುತ್ತದೆ, ಒಬ್ಬರ ಫೋಟೋ ಕೆಳಗೆ ಇನ್ನೊಬ್ಬರ ಹೆಸರು. ತಪ್ಪು ಹಿಡಿದ ಉತ್ಸಾಹದಲ್ಲೇ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ರಿಪೋರ್ಟಲ್ಲಿ ಒಂದು ತಪ್ಪಾಗಿದೆ. ಇವತ್ತೇ ತಿದ್ದಿಸ್ಬೇಕು, ಆಮೇಲೆ ಕಷ್ಟ ಆಗುತ್ತೆ.”



“ಅದು ತಪ್ಪಲ್ಲ ಕಣೋ. ಮಂಪರಲ್ಲಿದ್ದೆ. ಡಾಕ್ಟ್ರು ಕೇಳಿದ್ರು, ಹೇಳ್ಬಿಟ್ಟೆ.”

ಮುಂದಿನ ವಾರ ವಿಮೆ ಕಂಪನಿಯ ಇ-ಮೇಲ್ ಬಂತು. ನಿಮ್ಮ ಅರ್ಜಿಯಲ್ಲಿ ಇಲ್ಲ ಎಂದಿದೆ, ಆಸ್ಪತ್ರೆಯ ದಾಖಲೆಯಲ್ಲಿ ಇದೆ ಎಂದಿದೆ. ಹದಿನಾಲ್ಕು ದಿನದೊಳಗೆ ವಿವರಣೆ ಕೊಡಿ, ಹಳೆಯ ಚಿಕಿತ್ಸೆಯ ಕಾಗದ ಇದ್ದರೆ ಲಗತ್ತಿಸಿ. ಅರ್ಜಿ ತುಂಬಿದವರ ಸಹಿಯೂ ಬೇಕು. ಅಲ್ಲಿಯವರೆಗೆ ಕಾರ್ಡ್ ತಡೆಹಿಡಿಯಲಾಗಿದೆ. ಅಕ್ಕನ ಪರ್ಮಿಟ್ ಮುಗಿಯಲು ಆಗ ಆರು ವಾರ ಇತ್ತು. ಕಾರ್ಡ್ ಬಾರದಿದ್ದರೆ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದಿದ್ದರೆ ಮುರಿದ ತೋಳಿನೊಂದಿಗೆ ಅವಳು ವಾಪಸು ಬರಬೇಕು.

ಅಮ್ಮ ನಮ್ಮ ಜೊತೆಯಲ್ಲೇ ಇರುತ್ತಾಳೆ. ಅಂದು ತಾರಸಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕೂತಿದ್ದಳು. ಅಕ್ಕ ಬಿದ್ದದ್ದು ಅವಳಿಗೆ ಗೊತ್ತಿತ್ತು, ರಿಪೋರ್ಟಿನ ವಿಷಯ ಗೊತ್ತಿರಲಿಲ್ಲ.

“ಅಮ್ಮ, ಅಕ್ಕಂಗೆ ಫಿಟ್ಸ್ ಇತ್ತಾ?”

ಕೈ ನಿಲ್ಲಲಿಲ್ಲ. “ಯಾರ್ ಹೇಳಿದ್ರು?”

ಪ್ರಶ್ನೆಗೆ ಉತ್ತರವಾಗಿ ‘ಯಾರು ಹೇಳಿದರು’ ಎಂದು ಬಂದರೆ ಸುದ್ದಿ ನಿಜ ಎಂದು ಡೆಸ್ಕಿನಲ್ಲಿ ನಾವು ಹೊಸಬರಿಗೆ ಹೇಳಿಕೊಡುತ್ತೇವೆ.

“ಅವಳೇ ಹೇಳಿದ್ಲು. ಡಾಕ್ಟ್ರಿಗೆ.”

“ಅವಳಿಗ್ಯಾಕೆ ಬೇಕಿತ್ತು?” ಅಮ್ಮ ಕೈಗಲ್ಲು ಪಕ್ಕಕ್ಕಿಟ್ಟಳು. “ಒಂದ್ ಐದಾರು ಸಲ ಬಂದಿತ್ತು ಕಣಪ್ಪ. ಬೆಂಗ್ಳೂರಲ್ಲಿ ತೋರ್ಸಿ, ಮಾತ್ರೆ ನುಂಗ್ಸಿ, ವಾಸಿ ಆಯ್ತು. ವಾಸಿ ಆಗಿರೋದನ್ನ ಯಾಕ್ ಬರೀಬೇಕು?”

“ಹಿಂದೆ ಇತ್ತಾ ಅಂತಾನೇ ಅವರು ಕೇಳಿರೋದು.”

“ಕೇಳ್ತಾರೆ. ಹೆಣ್ಣು ನೋಡೋಕೆ ಬಂದೋರೂ ಕೇಳಿದ್ರು. ಹೇಳಿದ್ವಾ? ಹೇಳಿದ್ರೆ ಅವಳಿಗೆ ಮದ್ವೆ ಆಗ್ತಿತ್ತಾ?”

ಅಮ್ಮನ ಲೆಕ್ಕದಲ್ಲಿ ವಿಮೆ ಕಂಪನಿಯವರೂ ಗಂಡಿನ ಕಡೆಯವರೇ. ಬರುತ್ತಾರೆ, ಕೂರುತ್ತಾರೆ, ಒಂದಿಷ್ಟು ಕೇಳುತ್ತಾರೆ. ಮನೆಯವರು ಒಂದೇ ಮಾತಿನಲ್ಲಿ ನಿಂತು ಇಲ್ಲ ಅನ್ನಬೇಕು. ಮೂವತ್ತು ವರ್ಷ ಹಾಗೆ ನಿಂತಿದ್ದರು. ಅಕ್ಕ ಸ್ವತಃ ನರ್ಸ್, ಎಷ್ಟೋ ರೋಗಿಗಳ ಕೇಸ್ ಶೀಟಿನಲ್ಲಿ ಅದೇ ಪ್ರಶ್ನೆಯನ್ನು ತಾನೇ ಕೇಳಿ ಬರೆದವಳು. ಆದರೂ ಊಟದ ಮೇಜಿನ ಎದುರು ಕೂತಾಗ ಅವಳು ಹೆಣ್ಣು ನೋಡಲು ಬಂದವರ ಮುಂದೆ ಕೂತಂತೆಯೇ ಕೂತಿದ್ದಳು.

ನನಗೆ ಆಗ ಕಡಬದ ಮನೆ ನೆನಪಾಯಿತು. ಗುಬ್ಬಿ ತಾಲ್ಲೂಕಿನ ಕಡಬ ನಮ್ಮೂರು. ಅಪ್ಪ ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು, ಈಗ ಅವರಿಲ್ಲ. ಅಕ್ಕ ಮಲಗುವ ಕಡೆ ದಿಂಬಿನ ಕೆಳಗೆ ಯಾವಾಗಲೂ ಕಬ್ಬಿಣದ ಬೀಗದ ಕೈಗಳ ಒಂದು ಗೊಂಚಲು ಇರುತ್ತಿತ್ತು. ಕೆಟ್ಟ ಕನಸು ಬೀಳದಿರಲಿ ಅಂತ ಇಟ್ಟಿದ್ದೇವೆ ಎಂದು ಮನೆಯಲ್ಲಿ ಹೇಳಿದ್ದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದನ್ನು ಆಮೇಲೆ ಬಸ್ ಸ್ಟ್ಯಾಂಡುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ.

ಹಳೆಯ ಆಸ್ಪತ್ರೆಯ ಫೈಲು ಎಲ್ಲಿದೆ ಎಂದು ಕೇಳಿದೆ. ಅಮೃತೂರಿನ ಮನೆಯಲ್ಲಿ, ಅಕ್ಕನ ಬೀರುವಿನಲ್ಲಿ, ಮದುವೆ ಸೀರೆಗಳ ಕೆಳಗೆ ಎಂದಳು ಅಮ್ಮ. “ನಿಮ್ ಭಾವಂಗೆ ಮಾತ್ರ ಬಾಯ್ ಬಿಡ್ಬೇಡ. ಪಾಸ್‌ಪೋರ್ಟ್ ಜೆರಾಕ್ಸ್ ಬೇಕು ಅನ್ನು. ಅವ್ರು ಆ ಕಡೆ ಹೋದಾಗ ತಗೊಂಡ್ ಬಾ. ನನ್ನಾಣೆ.”

ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿ ಅಮೃತೂರಿಗೆ ಹೋದೆ. ದಾರಿಯುದ್ದಕ್ಕೂ ಸುಳ್ಳನ್ನು ಅಭ್ಯಾಸ ಮಾಡಿಕೊಂಡೆ. ಭಾವನಿಗೆ ಅಂದು ರಜೆ. ಜಗುಲಿಯಲ್ಲಿ ಬನಿಯನ್ ಹಾಕಿಕೊಂಡು ಎಳನೀರು ಕೊಚ್ಚುತ್ತಿದ್ದರು.

“ಏನ್ಲಾ ಪೇಪರ್‌ನೋನೆ, ಈ ಬಿಸ್ಲಲ್ಲಿ? ಊರಲ್ಲಿ ಸುದ್ದಿ ಖಾಲಿ ಆಯ್ತಾ?”

“ಅಕ್ಕನ ಪಾಸ್‌ಪೋರ್ಟ್ ಜೆರಾಕ್ಸ್ ಬೇಕಿತ್ತು ಭಾವ. ಬೀರುನಲ್ಲಿ ಇದೆಯಂತೆ. ನಾನೇ ಹುಡುಕ್ಕೊತೀನಿ, ನೀವು ಕೂತ್ಕೊಳ್ಳಿ.”

ಭಾವ ನನ್ನ ಮುಖವನ್ನೇ ನೋಡಿದರು. ಕೈಗೆ ಎಳನೀರು ಕೊಟ್ಟರು. “ಜೆರಾಕ್ಸ್ ನನ್ ಮೊಬೈಲಲ್ಲಿ ಐತೆ. ಕೇಳಿದ್ರೆ ಕಳಿಸ್ತಿರ್ಲಿಲ್ವಾ? ಅದಕ್ಕೆ ತುಮಕೂರಿಂದ ಬಂದ್ಯಾ?”

ಒಳಗೆ ಹೋದರು. ಬೀರು ತೆಗೆದ ಸದ್ದು ಕೇಳಿಸಿತು. ಬಟ್ಟೆ ಅಂಗಡಿಯ ಹಳೆಯ ಕವರ್ ಒಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಒಳಗೆ ಬೆಂಗಳೂರಿನ ಆಸ್ಪತ್ರೆಯ ಫೈಲು, ಮಾಸಿದ ಚೀಟಿಗಳು, ಅಕ್ಕನ ಹೆಸರು, ವಯಸ್ಸು ಹದಿನಾಲ್ಕು.

“ಇದೇ ತಾನೆ ನಿಂಗ್ ಬೇಕಾಗಿರೋದು?”

ನಾನು ಎಳನೀರು ಕೆಳಗಿಟ್ಟೆ.

“ಮಗು ಹೊಟ್ಟೇಲಿದ್ದಾಗ ಒಂದ್ಸಲ ಬಂದಿತ್ತು. ನಾನೇ ಎತ್ಕೊಂಡ್ ಹೋಗಿ ಕುಣಿಗಲ್‌ಗೆ ಸೇರ್ಸಿದ್ದೆ. ಹದಿನೆಂಟು ವರ್ಷ ಆಯ್ತು. ಆಮೇಲೆ ಬಂದಿರ್ಲಿಲ್ಲ.” ಅವರು ಎದುರು ಕಂಬಕ್ಕೆ ಒರಗಿ ಕೂತರು. “ನಮ್ಮತ್ತೆಗೆ ಹೇಳ್ಬೇಡ ಮತ್ತೆ, ನಂಗೆ ಗೊತ್ತು ಅಂತ. ಪಾಪ ಹೆದ್ರುಕೊಂಡ್ಬಿಡ್ತಾರೆ. ಹದಿನೆಂಟು ವರ್ಷದಿಂದ ಅವ್ರ ಮುಂದೆ ಗೊತ್ತಿಲ್ಲದೋನ್ ಥರ ಇದೀನಿ.”

“ನನಗೆ ಯಾಕೆ ಹೇಳ್ಲಿಲ್ಲ ಭಾವ?”

ಅವರು ನಿಜವಾಗಿಯೂ ಬೆರಗಾದರು. “ನಿಂಗ್ ಗೊತ್ತಿರ್ಲಿಲ್ವಾ?”

“ಇಲ್ಲ.”

“ಆಣೆಗೂ?”

“ಹೋದ ವಾರ ಗೊತ್ತಾಯ್ತು.”

ಭಾವ ಮಚ್ಚಿನ ತುದಿಯಿಂದ ನೆಲ ಕೆರೆದರು. “ನೋಡು, ನೀವೆಲ್ಲ ಸೇರ್ಕೊಂಡು ನಂಗೆ ಟೋಪಿ ಹಾಕಿದ್ರಿ ಅನ್ಕೊಂಡಿದ್ದೆ. ಮೊದಮೊದ್ಲು ನಿನ್ ಮೇಲೇ ಸಿಟ್ಟು ಜಾಸ್ತಿ. ಅತ್ತೆ ಮಾವ ಹಳೇ ಕಾಲದೋರು, ಬುಡು. ಇವನು ಓದಿರೋನು, ಪೇಪರ್‌ನಲ್ಲಿ ಸತ್ಯ ಬರೆಯೋನು, ಇವನಾದ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ ಅಂತ. ನಾಲ್ಕೈದು ವರ್ಷ ನಿನ್ ಜೊತೆ ಸರಿಯಾಗಿ ಮಾತಾಡಿರ್ಲಿಲ್ಲ ನಾನು. ಗೊತ್ತಾಗಿತ್ತಾ?”

ಗೊತ್ತಾಗಿತ್ತು. ಡ್ರೈವರ್ ಕೆಲಸ, ಸುಸ್ತಾಗಿರುತ್ತಾರೆ ಅಂದುಕೊಂಡಿದ್ದೆ.

ಆ ಕವರನ್ನು ಹಿಡಿದುಕೊಂಡು ಮನೆಗೆ ಬಂದೆ. ಸಂಜೆ ಐದರ ಹೊತ್ತು. ಹೆಂಡತಿ ಶಾಲೆಯ ಟೀಚರ್, ಹಾಲ್‌ನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕವರನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿದಳು, ಏನು ಎಂದು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ ನಾನು ಕೇಳಬೇಕಾಯಿತು.

“ನಿನಗೂ ಗೊತ್ತಿತ್ತಾ?”

ಅವಳು ಕೆಂಪು ಪೆನ್ನಿಗೆ ಕ್ಯಾಪ್ ಹಾಕಿದಳು. “ಗೊತ್ತಿತ್ತು ರೀ. ನಾನು ಬಸುರಿ ಆದಾಗ ಅತ್ತೆ ಹೇಳಿದ್ರು. ಡಾಕ್ಟ್ರು ಮನೇಲಿ ಯಾರಿಗಾದ್ರೂ ಏನಾದ್ರೂ ಇದ್ಯಾ ಅಂತ ಕೇಳ್ತಾರೆ, ನಿಂಗೆ ಗೊತ್ತಿರ್ಲಿ, ಅವನಿಗೆ ಹೇಳ್ಬೇಡ ಅಂದ್ರು.”

“ಫಾರಂ ತುಂಬುವಾಗ ನೀನಿದ್ದೆ.”

“ಇದ್ದೆ. ಅದಕ್ಕೇ ಒಳಗೆ ಹೋದೆ.”

ಇದಕ್ಕಿಂತ ನೇರವಾದ ಉತ್ತರ ನನಗೆ ಆ ಹದಿನೈದು ದಿನಗಳಲ್ಲಿ ಯಾರಿಂದಲೂ ಸಿಗಲಿಲ್ಲ. ಜಗಳ ಆಡಬೇಕಿತ್ತೇನೋ. ಆಡಲಿಲ್ಲ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದು, ನನ್ನ ಅಕ್ಕನ ವಿಷಯ ನನಗಿಂತ ಹೆಚ್ಚು ತಿಳಿದುಕೊಂಡು, ನಾನು ಹಬ್ಬಕ್ಕೆ ಅಕ್ಕನ ಆರೋಗ್ಯವನ್ನು ಹೊಗಳುವಾಗಲೆಲ್ಲ ಅವಳು ತಲೆಯಾಡಿಸಿದ್ದಳು.

ಯಾರಿಂದ ಮುಚ್ಚಿಡಬೇಕಿತ್ತೋ ಆ ಭಾವನಿಗೆ ಗೊತ್ತಿತ್ತು. ಹೊರಗಿನಿಂದ ಬಂದ ಸೊಸೆಗೂ ಗೊತ್ತಿತ್ತು. ಇನ್ನೂ ಯಾರಿಗೆಲ್ಲ ಗೊತ್ತಿತ್ತು ಎಂದು ಮಾರನೇ ದಿನ ಅಮ್ಮನನ್ನು ಕೇಳಿದೆ. ಅವಳ ಅಣ್ಣನಿಗೆ, ಅಪ್ಪನ ಅಂಗಡಿ ಪಕ್ಕದ ಮೆಡಿಕಲ್ ಸ್ಟೋರಿನವರಿಗೆ, ಇನ್ನೂ ಒಬ್ಬಿಬ್ಬರಿಗೆ ಗೊತ್ತಿತ್ತಂತೆ.

“ಮತ್ತೆ ನನಗೊಬ್ಬನಿಗೆ ಯಾಕೆ ಹೇಳ್ಲಿಲ್ಲ?”

“ನಿಂಗ್ ಹೇಳೋಕೇನಿತ್ತು?” ಅಂದಳು ಅಮ್ಮ. ಧ್ವನಿಯಲ್ಲಿ ಬೇಸರವಿತ್ತು, ಅಳುಕಿರಲಿಲ್ಲ. “ಮೊದಲ್ನೇ ಸಲ ಅವಳಿಗೆ ಬಂದಾಗ ಹಿತ್ಲಲ್ಲಿ ನೋಡ್ದೋನೇ ನೀನು. ಮಾರನೇ ದಿವ್ಸ ಸ್ಕೂಲಲ್ಲಿ ಎಲ್ಲಾರ್ ಮುಂದೆ, ನಮ್ಮಕ್ಕ ಹಿಂಗಾದ್ಲು ಅಂತ ನೆಲದ್ ಮೇಲೆ ಬಿದ್ದು ಒದ್ದಾಡಿ ತೋರ್ಸಿದ್ಯಂತೆ. ಮೇಷ್ಟ್ರು ಮನೆಗ್ ಬಂದು ಕೇಳಿದ್ರು, ಏನಮ್ಮ ಹುಡ್ಗಿಗೆ ಅಂತ. ಅವಳು ಒಂದ್ ವಾರ ಹೊರಗ್ ಬರ್ಲಿಲ್ಲ. ಬೇಸಿಗೆ ರಜಾ ಕಳೀತಿದ್ದಂಗೆ ನಿಮ್ಮಪ್ಪ ನಿನ್ನ ಹಾಸ್ಟೆಲಿಗೆ ಸೇರ್ಸಿದ್ದು ಯಾಕೆ ಅನ್ಕೊಂಡಿದೀಯ?”

ಮಠದ ಹಾಸ್ಟೆಲಿನ ಬಗ್ಗೆ ನನಗಿದ್ದ ಕಥೆ ಬೇರೆ. ಹುಡುಗ ಚುರುಕು, ಕಡಬದಲ್ಲಿದ್ದರೆ ಹಾಳಾಗುತ್ತಾನೆ, ಅಲ್ಲಿ ಓದಿ ಮೇಲೆ ಬರಲಿ ಎಂದು ಅಪ್ಪ ಕಷ್ಟಪಟ್ಟು ಬಿಟ್ಟು ಬಂದರು ಎಂಬುದು. ಹತ್ತು ವರ್ಷದವನು ಟ್ರಂಕಿನ ಮೇಲೆ ಕೂತು ಎರಡು ತಿಂಗಳು ಅತ್ತಿದ್ದೆ. ದೊಡ್ಡವನಾದ ಮೇಲೆ ಆ ಅಳುವನ್ನೂ ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ. ನಮ್ಮ ಪತ್ರಿಕೆಯ ವಿಶೇಷಾಂಕದಲ್ಲಿ ಅಪ್ಪನ ದೂರದೃಷ್ಟಿಯ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅಮ್ಮ ಅದನ್ನು ಓದಿಸಿಕೊಂಡು ಕೇಳಿ, ಚೆನ್ನಾಗಿದೆ ಅಂದಿದ್ದಳು.

ಶಾಲೆಯಲ್ಲಿ ಹಾಗೆ ಬಿದ್ದು ತೋರಿಸಿದ್ದು ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಮೇಷ್ಟ್ರು ತೀರಿಹೋಗಿದ್ದಾರೆ. ಹಾಗಾಗಿ ಇದು ಒಂದೇ ಮೂಲದಿಂದ ಬಂದ ಸುದ್ದಿ, ಆ ಮೂಲ ಮೂವತ್ತು ವರ್ಷ ನನಗೆ ಸುಳ್ಳು ಹೇಳಿದ್ದು. ಡೆಸ್ಕಿನಲ್ಲಿ ಇಂಥದ್ದನ್ನು ನಾನು ತಡೆಹಿಡಿಯುತ್ತೇನೆ. ಆದರೆ ಹತ್ತು ವರ್ಷದ ಹುಡುಗ ಹಾಗೆ ಮಾಡುವುದಿಲ್ಲ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದ ಅಷ್ಟೇ.

ಗಡುವಿಗೆ ಐದು ದಿನ ಉಳಿದಿತ್ತು. ವಿವರಣೆಯನ್ನು ನಾನೇ ಬರೆದೆ. ನಾಲ್ಕು ವಾಕ್ಯ. ಅರ್ಜಿಯನ್ನು ನಾನು ತುಂಬಿದೆ. ಅರ್ಜಿದಾರರನ್ನೂ ತಾಯಿಯನ್ನೂ ಕೇಳಿ ತುಂಬಿದೆ. ಸಾಮಾಜಿಕ ಕಾರಣಕ್ಕೆ ಹಳೆಯ ಕಾಯಿಲೆಯನ್ನು ಅವರು ಹೇಳಲಿಲ್ಲ. ಚಿಕಿತ್ಸೆಯ ದಾಖಲೆ ಲಗತ್ತಿಸಿದೆ. ಅಕ್ಕನಿಗೆ ಕಳಿಸಿ, ಇದಕ್ಕೆ ಸಹಿ ಹಾಕೋಣ ಅಂದೆ.

ಶುಕ್ರವಾರ ಅವಳ ಫೋನ್ ಬಂತು. “ಅದನ್ನ ಕಳಿಸ್ಬೇಡ ಕಣೋ. ಇಲ್ಲಿ ಕ್ಲಿನಿಕ್ ಆಫೀಸಿನೋರು ಬೇರೆ ಬರೆದುಕೊಟ್ಟಿದಾರೆ. ನಾನು ಸೈನ್ ಹಾಕಿದೀನಿ. ನೀನೂ ಹಾಕಿ ಸ್ಕ್ಯಾನ್ ಮಾಡಿ ಕಳ್ಸು.”

ಅವಳು ಕಳಿಸಿದ್ದನ್ನು ತೆರೆದು ಓದಿದೆ. ಅರ್ಜಿಯನ್ನು ಭಾರತದಲ್ಲಿರುವ ತನ್ನ ತಮ್ಮ ತನ್ನನ್ನು ಕೇಳದೆಯೇ ತುಂಬಿದನೆಂದೂ, ಪ್ರಯಾಣದ ಗಡಿಬಿಡಿಯಲ್ಲಿ ತಾನು ಅದನ್ನು ಓದಲಿಲ್ಲವೆಂದೂ ಅಕ್ಕ ಹೇಳಿದ್ದಳು. ಕೆಳಗೆ ನನ್ನದೊಂದು ಹೇಳಿಕೆ ಇತ್ತು, ಅದು ನಿಜ ಎಂದು.

“ನಾನು ಎರಡೆರಡು ಸಲ ಕೇಳಿದ್ದೆ ಅಕ್ಕ.”

“ಗೊತ್ತು ಕಣೋ.”

“ಇದು ಸುಳ್ಳು.”

“ನಾನೇ ಮುಚ್ಚಿಟ್ಟೆ ಅಂತ ಬರೆದ್ರೆ ನನ್ ನರ್ಸ್ ಲೈಸೆನ್ಸೇ ಹೋಗುತ್ತಂತೆ. ನೀನು ತಪ್ಪು ಮಾಡ್ದೆ ಅಂತ ಬರೆದ್ರೆ ನಿಂಗೇನಾಗುತ್ತೆ ಹೇಳು? ನೀನು ತುಮಕೂರಲ್ಲಿದೀಯ.” ಆಮೇಲೆ ಅವಳ ಧ್ವನಿ ಸ್ವಲ್ಪ ಇಳಿಯಿತು. “ಈಗ ವಾಪಸ್ ಬಂದ್ರೆ ಯಾಕ್ ಬಂದೆ ಅಂತ ಊರೆಲ್ಲ ಕೇಳುತ್ತೆ. ಏನ್ ಹೇಳ್ಲಿ? ನಂಗೆ ಮಗಳಿದಾಳೆ. ಅವಳನ್ನೂ ನಾಳೆ ನೋಡೋಕ್ ಬರ್ತಾರೆ.”

ನಾನು ಯೋಚಿಸಿ ಹೇಳುತ್ತೇನೆ ಅಂದೆ. “ಯೋಚ್ಸೋದೇನಿದೆ? ನೀನು ನನ್ ತಮ್ಮ ತಾನೆ?” ಅಂದಳು. ನನ್ನನ್ನು ಅವಳು ಹಾಗೆ ನಂಬಿದ್ದು, ನನಗೆ ತಿಳಿದ ಮಟ್ಟಿಗೆ, ಅದೇ ಮೊದಲು.

ಸೋಮವಾರ ಆಫೀಸಿನಲ್ಲಿ ಪ್ರಿಂಟ್ ತೆಗೆದೆ. ಇಂಗ್ಲಿಷ್ ಕೆಟ್ಟದಾಗಿತ್ತು. ಎರಡು ಕಡೆ ಕಾಗುಣಿತ, ಒಂದು ಕಡೆ ಕ್ರಿಯಾಪದ ಸರಿಮಾಡಿದೆ. ಕೈ ತಾನಾಗಿಯೇ ಮಾಡಿತು. ನಾವು ಪ್ರಕಟಿಸುವ ತಿದ್ದುಪಡಿಗಳನ್ನು ಬರೆಯುವವನು ನಾನೇ, ನೂರಾರು ಬರೆದಿದ್ದೇನೆ. ಆದ ತಪ್ಪು ಯಾರದು ಎಂದು ಓದುಗರಿಗೆ ಹೇಳುವುದಿಲ್ಲ, ಸರಿಯಾದ ಸಂಗತಿ ಏನು ಎಂದಷ್ಟೇ ಹೇಳುತ್ತೇವೆ. ಈ ಹಾಳೆಯಲ್ಲಿ ಸರಿಯಾದ ಸಂಗತಿ ಇರಲಿಲ್ಲ, ತಪ್ಪು ಯಾರದು ಎಂಬುದು ಮಾತ್ರ ಇತ್ತು. ಸಹಿ ಹಾಕಿದೆ. ಕೆಳಗೆ ದಿನಾಂಕ ಹಾಕಬೇಕಿತ್ತು, ಹಾಕಿದೆ. ಅಮೃತೂರಿನ ಫೈಲಿನ ಹಾಳೆಗಳ ಜೊತೆ ಸ್ಕ್ಯಾನ್ ಮಾಡಿ ಕಳಿಸಿ, ಮುಂದಿನ ಸುದ್ದಿ ತೆಗೆದುಕೊಂಡೆ.

ಕಂಪನಿಯ ಉತ್ತರ ಹನ್ನೊಂದು ದಿನಕ್ಕೆ ಬಂತು. ಹಳೆಯ ಕಾಯಿಲೆಯನ್ನು ದಾಖಲೆಗೆ ಸೇರಿಸಿ ಕಾರ್ಡ್ ಮುಂದುವರಿಸಲಾಗಿದೆ. ಅರ್ಜಿಯಲ್ಲಿನ ತಪ್ಪು ಮಾಹಿತಿಗೆ ಅರ್ಜಿದಾರರ ಸೋದರನ ಅಜಾಗರೂಕತೆಯೇ ಕಾರಣ ಎಂಬುದನ್ನು ಗಮನಿಸಲಾಗಿದೆ. ಅಕ್ಕ ಅದನ್ನು ನನಗೆ ಕಳಿಸಿ, ಜೊತೆಗೆ ಕೈಮುಗಿಯುವ ಚಿತ್ರ ಹಾಕಿದ್ದಳು. ಪರ್ಮಿಟ್ ಆಗುತ್ತದೆ, ಇನ್ನು ಮೇಲೆ ಹಗಲು ಡ್ಯೂಟಿ ಮಾತ್ರ ಎಂದೂ ಬರೆದಿದ್ದಳು.

ಅಮ್ಮ ಬಾಗಿಲ ಬಳಿ ನಿಂತಿದ್ದಳು. “ಏನಂತೆ?”

“ಅಕ್ಕ ಅಲ್ಲೇ ಇರ್ಬೋದಂತೆ,” ಅಂದೆ. “ತಪ್ಪು ನಂದಂತೆ.”

“ಸದ್ಯ,” ಅಂದಳು ಅಮ್ಮ.